ಉಸಿರು ಕಟ್ಟಿದ್ದ ಅಂಬಾಸಿಡರ್: ಮಂಡ್ಯದ ಒಂದು ಹಳೇ ಇಂಜಿನ್ನಿನ ಪ್ರಕರಣ

ಗಾಡಿ 1961ರ ಅಂಬಾಸಿಡರ್, ಮಾರ್ಕ್ 1. ಇಂಜಿನ್ 1489 ಸಿಸಿ, ನಾಲ್ಕು ಸಿಲಿಂಡರ್, ಓವರ್‌ಹೆಡ್ ವಾಲ್ವ್. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಇಂಜಿನ್ ಇದು. ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್‌ಗೆ ಇದೇ ಇಂಜಿನ್. ಮಾಲೀಕರು ಮಂಡ್ಯದ ಆಚೆ ಒಂದು ಹಳ್ಳಿಯ ಕಬ್ಬು ಬೆಳೆಗಾರರು. ಊರೆಲ್ಲ ಕರೆಯುವಂತೆ ಇಲ್ಲೂ ಗೌಡ್ರು ಅಂತಲೇ ಇರಲಿ. ಅವರ ತಂದೆ ಕೊಂಡ ಗಾಡಿ, ಇವತ್ತಿನವರೆಗೂ ಆ ಮನೆ ಬಿಟ್ಟು ಹೋಗಿಲ್ಲ.

ದೂರು ಇದ್ದದ್ದು ಆಯಿಲ್ ಸೋರಿಕೆ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಬೆಲ್ ಹೌಸಿಂಗ್ ಕೆಳಗಿಂದ ಹನಿ ಬೀಳುತ್ತಿತ್ತು. ಮಂಡ್ಯದಿಂದ ಮೈಸೂರಿಗೆ ಓಡಿಸಿಕೊಂಡು ಬಂದು ನಿಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲೇ ನೆಲದ ಮೇಲೆ ಅಂಗೈಯಗಲ ಕಪ್ಪು ಕಲೆ. ಏರಿನಲ್ಲಿ ಕ್ಲಚ್ ಜಾರುತ್ತಿತ್ತು. ಗಾಡಿಯೊಳಗೆ ಸುಟ್ಟ ಎಣ್ಣೆ ವಾಸನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ಸೆನ್ನುವ ನೀಲಿ ಹೊಗೆ.

"ಮೇಷ್ಟ್ರೇ, ಎಲ್ಡ್ ಕಡೆ ತೋರ್ಸಾಯ್ತು. ಒಬ್ರು ಪ್ಯಾಕಿಂಗ್ ಹಾಕುದ್ರು, ಇನ್ನೊಬ್ರು ಕ್ಲಚ್ ಪ್ಲೇಟ್ ಬದ್ಲಾಯ್ಸುದ್ರು. ಈಗ ಇಂಜಿನ್ ಇಳ್ಸಿ ಬೋರ್ ಮಾಡುಸ್ಬೇಕು ಅಂತಾವ್ರೆ. ನೀವೊಂದ್ ಕಿತ ನೋಡ್ಬುಡಿ" ಅಂದರು ಗೌಡ್ರು.

ನಾನು ಮೆಕ್ಯಾನಿಕ್ ಅಲ್ಲ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಹೇಳಿದವನು. ಕೈ ಕೆಲಸ ನಮ್ಮ ಭಾಯ್‌ದು. ಬನ್ನಿಮಂಟಪದ ಕಡೆ ಅವರದ್ದೊಂದು ಗ್ಯಾರೇಜ್ ಇದೆ. ಹಳೇ ಅಂಬಾಸಿಡರ್, ಫಿಯಟ್, ಜೀಪು ಅಂದರೆ ಅವರಿಗೆ ಪ್ರಾಣ. ಗಾಡಿಯನ್ನು ಅಲ್ಲಿಗೇ ತರಿಸಿದೆವು.

ಇಂಜಿನ್ ಇಳಿಸುವ ಮುಂಚೆ

"ಬೋರಿಗೆ ಬಂದಿದೆ" ಅನ್ನೋದು ನಮ್ಮ ಕಡೆ ಬಲು ಸುಲಭವಾಗಿ ಬಾಯಿಗೆ ಬರುವ ಮಾತು. ಸಿಲಿಂಡರಿನ ಒಳಗೋಡೆ ಸವೆದಿದೆ, ಮತ್ತೆ ಕೊರೆಸಬೇಕು ಅಂತ ಅರ್ಥ. ಆಯಿಲ್ ಸೋರಿದರೆ ಬೋರ್, ಹೊಗೆ ಬಂದರೆ ಬೋರ್, ಪಿಕಪ್ ಇಲ್ಲ ಅಂದರೂ ಬೋರ್. ನಿಜವಾಗಲೂ ಬೋರ್, ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆಯೋ ಇಲ್ಲವೋ ಅಂತ ತಿಳಿಯೋಕೆ ಇಂಜಿನ್ ಬಿಚ್ಚಲೇಬೇಕಾಗಿಲ್ಲ. ಕಂಪ್ರೆಷನ್ ಗೇಜ್ ಸಾಕು. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆಗೆದು, ಸೆಲ್ಫ್ ಹೊಡೆದು ನೋಡಿದೆವು. ನಾಲ್ಕೂ 120 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಆಸುಪಾಸಿನಲ್ಲೇ ಇದ್ದವು. ಒಂದಕ್ಕೂ ಇನ್ನೊಂದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಈ ವಯಸ್ಸಿನ ಇಂಜಿನ್ನಿಗೆ ಇದು ಒಳ್ಳೆ ಆರೋಗ್ಯ. ಒಂದೊಂದು ಚಮಚ ಆಯಿಲ್ ಸಿಲಿಂಡರ್‌ಗೆ ಬಿಟ್ಟು ಮತ್ತೆ ನೋಡಿದಾಗಲೂ ಅಂಕಿ ಜಾಸ್ತಿ ಏರಲಿಲ್ಲ. ರಿಂಗ್ ಹೋಗಿದ್ದರೆ ಆ ಆಯಿಲ್ ಸಂದು ಮುಚ್ಚಿ ಅಂಕಿ ಚೆನ್ನಾಗಿ ಏರಬೇಕಿತ್ತು.

ಹೊಗೆಯೂ ಅದನ್ನೇ ಹೇಳುತ್ತಿತ್ತು. ರಿಂಗ್ ಸವೆದ ಇಂಜಿನ್ ಓಡುವಾಗ, ಭಾರ ಎಳೆಯುವಾಗ ಹೊಗೆ ಕಕ್ಕುತ್ತದೆ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಒಂದೇ ಸಲ ಹೊಗೆ ಬಿಟ್ಟು ಸುಮ್ಮನಾದರೆ ಅದು ಹೆಚ್ಚಾಗಿ ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಆಡುವ ಕೊಳವೆ) ಮೂಲಕ ಇಳಿದ ಆಯಿಲ್.

ಹಾಗಾದರೆ ಹಿಂದಿನಿಂದ ಇಷ್ಟು ಆಯಿಲ್ ಯಾಕೆ?

ಭಾಯ್ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಎತ್ತಿದರು. ಒಳಗಿಂದ ಬುಸ್ ಅಂತ ಬಿಸಿ ಹೊಗೆ ಮುಖಕ್ಕೆ ಬಂತು. ಮುಚ್ಚಳದ ಒಳಮೈಗೆ ಬೆಳ್ಳಗೆ, ಸ್ವಲ್ಪ ಹಳದಿಯಾಗಿ, ಬೆಣ್ಣೆಯಂಥದ್ದು ಮೆತ್ತಿಕೊಂಡಿತ್ತು. ಡಿಪ್‌ಸ್ಟಿಕ್ ತನ್ನ ಜಾಗದಿಂದ ಒಂದಿಷ್ಟು ಮೇಲೆದ್ದು ನಿಂತಿತ್ತು, ಸುತ್ತ ಆಯಿಲ್ ಉಗುಳಿದ ಗುರುತು. "ಮೇಷ್ಟ್ರೇ, ಇದಕ್ಕೆ ಉಸಿರು ಬಿಡೋಕೆ ಜಾಗ ಇಲ್ಲ" ಅಂದರು ಭಾಯ್. ಅಲ್ಲಿಗೆ ಅರ್ಧ ರೋಗ ಗೊತ್ತಾದ ಹಾಗೆ. ಆದರೆ ಎಲ್ಲಿ ಮುಚ್ಚಿದೆ, ಯಾಕೆ ಮುಚ್ಚಿದೆ ಅನ್ನೋದು ಬಾಕಿ ಇತ್ತು.

ಬೆಣ್ಣೆಯಂಥದ್ದು ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಹೆಡ್ ಬಿಚ್ಚುವವರೂ ಇದ್ದಾರೆ. ಆಯಿಲ್‌ಗೆ ರೇಡಿಯೇಟರ್ ನೀರು ಸೇರಿದರೂ ಹೀಗೇ ಆಗುತ್ತದೆ, ನಿಜ. ಆದರೆ ಈ ಗಾಡಿಯಲ್ಲಿ ರೇಡಿಯೇಟರ್ ನೀರು ಇಳಿಯುತ್ತಿರಲಿಲ್ಲ, ಗುಳ್ಳೆಯೂ ಏಳುತ್ತಿರಲಿಲ್ಲ. ಡಿಪ್‌ಸ್ಟಿಕ್ಕಿನ ತುದಿಯಲ್ಲಿ ಆಯಿಲ್ ಕಪ್ಪಗೇ ಇತ್ತು, ಮಜ್ಜಿಗೆ ಬಣ್ಣ ತಿರುಗಿರಲಿಲ್ಲ. ಬಿಳಿ ಇದ್ದದ್ದು ಮೇಲುಗಡೆ, ತಣ್ಣಗಿರುವ ತಗಡಿಗೆ ಮಾತ್ರ. ಅಂದರೆ ನೀರು ಬಂದದ್ದು ರೇಡಿಯೇಟರ್‌ನಿಂದ ಅಲ್ಲ, ಪೆಟ್ರೋಲ್‌ನಿಂದ.

ಪೆಟ್ರೋಲ್‌ನಿಂದ ನೀರಾ ಅಂತ ಗೌಡ್ರಿಗೆ ಆಶ್ಚರ್ಯ. ಹೌದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರ್ ಮೂಲಕ ಹೋಗುತ್ತದೆ. ಆದರೆ ಪಿಸ್ಟನ್ ರಿಂಗ್ ಎಷ್ಟೇ ಹೊಸದಿರಲಿ, ಅದರ ಬಾಯಿಯಲ್ಲಿ ಕೂದಲೆಳೆಯಷ್ಟು ಸಂದು ಇರಲೇಬೇಕು. ಉರಿದ ಗ್ಯಾಸು, ಉರಿಯದ ಪೆಟ್ರೋಲ್ ಆವಿ, ನೀರಾವಿ, ಮಸಿ ಎಲ್ಲ ಸ್ವಲ್ಪ ಸ್ವಲ್ಪ ಆ ಸಂದಿನಿಂದ ಕೆಳಗೆ, ಪಿಸ್ಟನ್‌ಗಳು ತಿರುಗಿಸುವ ದೊಡ್ಡ ಶಾಫ್ಟ್, ಅಂದರೆ ಕ್ರ್ಯಾಂಕ್, ಇರುವ ಕೋಣೆಗೆ ಇಳಿಯುತ್ತವೆ. ಇದಕ್ಕೆ ಬ್ಲೋಬೈ ಅನ್ನುತ್ತಾರೆ. ಚೆನ್ನಾಗಿರುವ ಇಂಜಿನ್‌ನಲ್ಲೂ ನಿಮಿಷಕ್ಕೆ ಲೀಟರುಗಟ್ಟಲೆ ಬರುತ್ತದೆ, ರಿಂಗ್ ಸವೆದರೆ ಅದರ ಎಷ್ಟೋ ಪಟ್ಟು.

ಪಿಸ್ಟನ್ ಮೇಲೆ ಕೆಳಗೆ ಆಡುವುದರಿಂದಲೇ ಒತ್ತಡ ಬರುತ್ತದೆ ಅಂತ ಕೆಲವರು ತಿಳಿದಿರುತ್ತಾರೆ. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಎರಡು ಪಿಸ್ಟನ್ ಇಳಿದರೆ ಎರಡು ಏರುತ್ತವೆ. ಕೆಳಗಿನ ಜಾಗ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಒತ್ತಡ ಕಟ್ಟುವುದು ಈ ಬ್ಲೋಬೈನಿಂದ. ಬಂದದ್ದು ಬಂದ ಹಾಗೆ ಆಚೆ ಹೋಗಬೇಕು. ಹೋಗದಿದ್ದರೆ ತಾನೇ ದಾರಿ ಮಾಡಿಕೊಳ್ಳುತ್ತದೆ.

ಈ ಇಂಜಿನ್ನಿನ ಹಿಂಭಾಗದ ಗುಟ್ಟು

ಇದು ಗೊತ್ತಿಲ್ಲದೆಯೇ ಎಷ್ಟೋ ಬಿ ಸೀರೀಸ್ ಇಂಜಿನ್‌ಗಳು ಸುಮ್ನೆ ಕೆಳಗಿಳಿದಿವೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಈಗಿನ ಗಾಡಿಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ತುದಿಗೆ ರಬ್ಬರ್ ತುಟಿಯ ಆಯಿಲ್ ಸೀಲ್ ಇರುತ್ತದೆ. ಅದು ಶಾಫ್ಟನ್ನು ಅಪ್ಪಿ ಹಿಡಿದು ಆಯಿಲ್ ತಡೆಯುತ್ತದೆ. ಕ್ರ್ಯಾಂಕನ್ನು ಮೂರು ಮೇನ್ ಬೇರಿಂಗ್ ಮೇಲೆ ಕೂರಿಸಿದ ಈ ಹಳೇ ಇಂಜಿನ್‌ನಲ್ಲಿ ಅಂಥ ಸೀಲೇ ಇಲ್ಲ. ಅದರ ಬದಲು ಕ್ರ್ಯಾಂಕ್ ತುದಿಯಲ್ಲೇ ಸ್ಕ್ರೂ ಥ್ರೆಡ್ಡಿನ ಹಾಗೆ ಒಂದು ಸುರುಳಿ ತೋಡು ಕೊರೆದಿರುತ್ತಾರೆ. ಅದರ ಸುತ್ತ ಒಂದು ಅಲ್ಯುಮಿನಿಯಂ ಕವರ್. ಎರಡರ ನಡುವೆ ಕೂದಲೆಳೆ ಸಂದು, ಒಂದಕ್ಕೊಂದು ತಾಗುವುದಿಲ್ಲ. ಕ್ರ್ಯಾಂಕ್ ತಿರುಗಿದಾಗ ಆ ಸುರುಳಿ ಹಿಂದಕ್ಕೆ ಬಂದ ಆಯಿಲನ್ನು ತಿರುಗಿಸಿ ತಿರುಗಿಸಿ ಮುಂದಕ್ಕೆ, ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಕಡೆಗೆ ತಳ್ಳುತ್ತದೆ. ಸವೆಯೋಕೆ ರಬ್ಬರ್ ಇಲ್ಲ, ಒಣಗಿ ಬಿರುಕು ಬಿಡೋಕೂ ಏನಿಲ್ಲ. ಚೆನ್ನಾಗಿದೆ ಅಲ್ವಾ?

ಆದರೆ ಒಂದು ಷರತ್ತು ಇದೆ. ಒಳಗಿನ ಒತ್ತಡ ಹೊರಗಿನ ಗಾಳಿಯಷ್ಟೇ ಇರಬೇಕು, ಸಾಧ್ಯವಾದರೆ ಚೂರು ಕಡಿಮೆ. ಒಳಗೆ ಒತ್ತಡ ಎದ್ದರೆ ಗಾಳಿ ಆ ತೆರೆದ ಸಂದಿನಿಂದ ಹೊರಗೆ ನುಗ್ಗುತ್ತದೆ, ಹೋಗುವಾಗ ಆಯಿಲನ್ನೂ ಎಳೆದೊಯ್ಯುತ್ತದೆ. ಸುರುಳಿ ಎಷ್ಟು ತಳ್ಳಿದರೂ ಗಾಳಿಯ ಮುಂದೆ ಅದರ ಆಟ ನಡೆಯಲ್ಲ. ಆ ಆಯಿಲ್ ಫ್ಲೈವೀಲ್ ಮೇಲೆ, ಅಲ್ಲಿಂದ ಕ್ಲಚ್ ಪ್ಲೇಟಿಗೆ, ಉಳಿದದ್ದು ಬೆಲ್ ಹೌಸಿಂಗ್ ಕೆಳಗಿನ ತೂತಿನಿಂದ ನೆಲಕ್ಕೆ. ಹೊಸ ಕ್ಲಚ್ ಪ್ಲೇಟ್ ಹಾಕಿದರೂ ಅದು ಬೇಗ ನೆನೆಯುವುದು ಗ್ಯಾರಂಟಿ. ಗೌಡ್ರ ಗಾಡಿಯಲ್ಲಿ ಆಗಿದ್ದೂ ಅದೇ.

ಮುಂದೆ ಟೈಮಿಂಗ್ ಕವರ್‌ನಲ್ಲೂ ಇದೇ ಕಥೆ, ಅಲ್ಲಿ ಫೆಲ್ಟ್ ಬಟ್ಟೆಯ ಸೀಲು. ಅದೂ ಒತ್ತಡ ತಡೆಯುವಂಥದ್ದಲ್ಲ.

ಗಾಳಿ ಬರುವ ದಾರಿ, ಹೋಗುವ ದಾರಿ

ಈ ಇಂಜಿನ್‌ನಲ್ಲಿ ಉಸಿರಾಟದ ದಾರಿ ಎರಡು. ಏರ್ ಕ್ಲೀನರ್‌ನಿಂದ ಒಂದು ರಬ್ಬರ್ ಹೋಸ್ ಮೇಲಿನ ರಾಕರ್ ಕವರ್‌ಗೆ ಬರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೇ ಟ್ಯಾಪೆಟ್ ಕವರ್ ಅನ್ನುತ್ತಾರೆ. ಸೋಸಿದ ಗಾಳಿ ಅಲ್ಲಿಂದ ಒಳಗೆ ಬಂದು ವಾಲ್ವ್ ಎತ್ತುವ ಪುಶ್‌ರಾಡ್‌ಗಳ ತೂತುಗಳ ಮೂಲಕ ಕೆಳಗಿಳಿಯುತ್ತದೆ. ಹೊರಗೆ ಹೋಗುವುದು ಇಂಜಿನ್ನಿನ ಪಕ್ಕದ ಮುಂದಿನ ಸೈಡ್ ಕವರ್‌ನಿಂದ. ಅದರೊಳಗೆ ಒಂದು ತಂತಿ ಜಾಲರಿ, ಆಯಿಲ್ ಹನಿಗಳನ್ನು ಹಿಡಿದು ಬರೀ ಹೊಗೆ ಬಿಡಲಿ ಅಂತ. ಅಲ್ಲಿಂದ ಒಂದು ಪೈಪ್ ಗಾಡಿಯ ಹೊಟ್ಟೆ ಕೆಳಗೆ ಇಳಿಯುತ್ತದೆ. ಬ್ರೀದರ್ ಪೈಪ್, ಇಂಗ್ಲಿಷಿನವರ ರೋಡ್ ಡ್ರಾಫ್ಟ್ ಟ್ಯೂಬ್.

ಪೈಪಿನ ಕೆಳಬಾಯಿಯನ್ನು ನೇರವಾಗಿ ಕತ್ತರಿಸಿರುವುದಿಲ್ಲ, ಓರೆಯಾಗಿ ಕತ್ತರಿಸಿರುತ್ತಾರೆ, ಓರೆ ಬಾಯಿ ಹಿಂದಿನ ಚಕ್ರದ ಕಡೆಗೆ. ಗಾಡಿ ಓಡುವಾಗ ಕೆಳಗೆ ಸಾಗುವ ಗಾಳಿ ಆ ಬಾಯಿಯಲ್ಲಿ ಸ್ವಲ್ಪ ಎಳೆತ ಹುಟ್ಟಿಸುತ್ತದೆ. ಆ ಎಳೆತಕ್ಕೆ ಒಳಗಿನ ಹೊಗೆ ಹೊರಗೆ, ಮೇಲಿಂದ ಹೊಸ ಗಾಳಿ ಒಳಗೆ. ತುಂಬಾ ಸರಳ. ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಏನೂ ಮಾಡುವುದಿಲ್ಲ.

ಗೌಡ್ರ ಗಾಡಿಯ ಬಾನೆಟ್ ಎತ್ತಿ ಹೋಸ್ ಹಿಡಿದು ನೋಡಿದರೆ, ಏರ್ ಕ್ಲೀನರ್ ಕಡೆ ತುದಿ ಕಿತ್ತು ಹಾಕಿದ್ದಾರೆ. ಅದರ ಬಾಯಿಗೆ ಒಂದು ಬೋಲ್ಟ್ ತುರುಕಿ ಮೇಲೆ ಕ್ಲಿಪ್ ಬಿಗಿದಿದ್ದಾರೆ! ಯಾರೋ ಬಹಳ ಶ್ರದ್ಧೆಯಿಂದ ಮಾಡಿದ ಕೆಲಸ, ಕ್ಲಿಪ್ ಒಳ್ಳೇ ಗಟ್ಟಿಯಾಗಿತ್ತು.

ಯಾಕೆ ಹಾಗೆ ಮಾಡಿದ್ದರು ಅನ್ನೋದು ಸೈಡ್ ಕವರ್ ಬಿಚ್ಚಿದ ಮೇಲೆ ಗೊತ್ತಾಯಿತು. ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್ ಕೆಳಗೆ ಕೈ ಹಾಕಿ ಬಿಚ್ಚುವ ಜಾಗ ಅದು, ಆದ್ದರಿಂದಲೇ ಯಾರೂ ಆ ಕಡೆ ಹೋಗುವುದಿಲ್ಲ. ಒಳಗಿನ ಜಾಲರಿ ಜಾಲರಿಯಾಗಿ ಉಳಿದಿರಲಿಲ್ಲ. ಕಪ್ಪು ಮಡ್ಡಿ ಗಟ್ಟಿಯಾಗಿ ಹೊಸೆದುಕೊಂಡು ಒಂದು ಬಿಲ್ಲೆಯ ಹಾಗಾಗಿತ್ತು. ಭಾಯ್ ಸ್ಕ್ರೂಡ್ರೈವರ್ ತುದಿಯಿಂದ ಕೆರೆದರು. ಉಗುರಿನಷ್ಟು ದಪ್ಪ ಪದರ ಎದ್ದು ಬಂತು, ಒಳಗೆ ಇನ್ನೂ ಮೆತ್ತಗೆ, ಪೆಟ್ರೋಲ್ ವಾಸನೆ. ಪೈಪಿನ ಮೇಲ್ತುದಿಗೆ ಬಾಯಿಟ್ಟು ಊದಿದರೆ ಗಾಳಿ ಹೋಗಲೇ ಇಲ್ಲ.

ಈಗ ಸರಪಳಿ ಪೂರ್ತಿ ಕಾಣುತ್ತದೆ. ಮೊದಲು ಜಾಲರಿ ಕಟ್ಟಿತು. ಹೊಗೆಗೆ ಕೆಳಗಿನ ದಾರಿ ಮುಚ್ಚಿದ್ದರಿಂದ ಅದು ಮೇಲಿನ ಹೋಸ್‌ನಲ್ಲಿ ಉಲ್ಟಾ ಹೊರಟು ಏರ್ ಕ್ಲೀನರ್‌ಗೆ ಆಯಿಲ್ ಉಗುಳಿತು. ಕಾರ್ಬ್ಯುರೇಟರ್ ಬಾಯಿ ಎಣ್ಣೆ ಎಣ್ಣೆಯಾಗಿ ಇಂಜಿನ್ ಮಿಸ್ಸಿಂಗ್ ಶುರುವಾಯಿತು. ಅದನ್ನು ನೋಡಿದ ಪುಣ್ಯಾತ್ಮ ಹೋಸ್ ಬಾಯಿಗೆ ಬೋಲ್ಟ್ ಹಾಕಿದ. ಏರ್ ಕ್ಲೀನರ್ ಒಣಗಿತು, ಗೌಡ್ರಿಗೂ ಖುಷಿ. ಎರಡೂ ದಾರಿ ಮುಚ್ಚಿದ ಮೇಲೆ ಉಳಿದದ್ದು ಹಿಂದಿನ ಸುರುಳಿ ಸಂದು ಒಂದೇ.

ಜಾಲರಿ ಅಷ್ಟು ಕಟ್ಟೋಕೆ ಕಾರಣವೂ ಸಿಕ್ಕಿತು. ಇಂಜಿನ್ ಬಿಸಿಯೇರುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ಥರ್ಮೋಸ್ಟ್ಯಾಟ್ ಇರಲೇ ಇಲ್ಲ. ಯಾವುದೋ ಕಾಲದಲ್ಲಿ ಇಂಜಿನ್ ಬಿಸಿಯಾಗುತ್ತೆ ಅಂತ ಕಿತ್ತು ಬಿಸಾಡಿದ್ದಾರೆ. ನಮ್ಮ ದೇಶದಲ್ಲಿ ಹಳೇ ಗಾಡಿಗಳಿಗೆ ಇದೊಂದು ಸಂಪ್ರದಾಯವೇ ಆಗಿದೆ. ಥರ್ಮೋಸ್ಟ್ಯಾಟ್ ಇಲ್ಲದ ಇಂಜಿನ್ ಬೇಗ ಬಿಸಿಯೇರುವುದಿಲ್ಲ. ಅದರ ಮೇಲೆ ಗೌಡ್ರ ಓಡಾಟ ಮನೆಯಿಂದ ಗದ್ದೆಗೆ, ಗದ್ದೆಯಿಂದ ಡೇರಿಗೆ, ಸಂಜೆ ಪೇಟೆಗೆ. ಇಂಜಿನ್ ಬೆಚ್ಚಗಾಗುವ ಹೊತ್ತಿಗೆ ಊರು ಬಂದಿರುತ್ತದೆ. ಆವಿಯಾಗಿ ಹೊರಗೆ ಹೋಗಬೇಕಾದ ನೀರು ತಣ್ಣನೆ ತಗಡಿಗೆ ತಾಗಿ ಹನಿಯಾಯಿತು, ಆಯಿಲ್ ಜತೆ ಕಡೆದುಕೊಂಡು ಬಿಳಿಯಾಯಿತು, ಮಸಿ ಸೇರಿ ಮಡ್ಡಿಯಾಯಿತು. ಹಳ್ಳಿಯ ಸಣ್ಣ ಓಡಾಟ ದಾರಿ ಕಟ್ಟಿತು. ಮೈಸೂರಿನ ಉದ್ದ ಓಟದಲ್ಲಿ ಬ್ಲೋಬೈ ಜಾಸ್ತಿಯಾಗಿ ಸೋರಿಕೆ ಎದ್ದು ಕಂಡಿತು.

ಕುಂಕುಮದ ನೀರು

ಬೋಲ್ಟ್ ಸಿಕ್ಕಿತು, ಮಡ್ಡಿಯೂ ಸಿಕ್ಕಿತು. ಸೈಡ್ ಕವರ್ ತೊಳೆಯುವ ಮುಂಚೆ ನಾನು ಅದನ್ನು ಇದ್ದ ಹಾಗೇ ವಾಪಸ್ ಕೂರಿಸಲು ಹೇಳಿದೆ. ಅಳೆಯದೆ ಸರಿ ಮಾಡಿದರೆ ಏನು ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಇನ್ನೊಂದು, ಗೌಡ್ರಿಗೆ ಕಣ್ಣಿಗೆ ತೋರಿಸಬೇಕಿತ್ತು. ಎರಡು ಕಡೆ ದುಡ್ಡು ಕಳೆದುಕೊಂಡವರಿಗೆ ಮೂರನೆಯವರ ಬಾಯಿಮಾತು ಸಾಕಾಗಲ್ಲ.

ಇದಕ್ಕೆ ದುಬಾರಿ ಮೀಟರ್ ಬೇಡ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ತಗೊಂಡೆವು. ಒಂದು ಹಲಗೆಯ ಮೇಲೆ ಅದನ್ನು ಯು ಆಕಾರಕ್ಕೆ ಬಗ್ಗಿಸಿ ಮೊಳೆ ಹೊಡೆದು ನಿಲ್ಲಿಸಿ, ನಡುವೆ ಒಂದು ಸ್ಕೇಲ್ ಅಂಟಿಸಿದೆವು. ಕಾಣಲಿ ಅಂತ ನೀರಿಗೆ ಚಿಟಿಕೆ ಕುಂಕುಮ. ಒಂದು ತುದಿ ಡಿಪ್‌ಸ್ಟಿಕ್ ತೂತಿಗೆ ಬಿಗಿಯಾಗಿ, ಇನ್ನೊಂದು ತುದಿ ಗಾಳಿಗೆ. ಒಳಗೆ ಒತ್ತಡ ಇದ್ದರೆ ಹೊರಗಿನ ಕಡೆ ನೀರು ಏರುತ್ತದೆ, ಎಳೆತ ಇದ್ದರೆ ಇಳಿಯುತ್ತದೆ. ಎರಡು ಕಡೆಯ ಎತ್ತರದ ವ್ಯತ್ಯಾಸವೇ ಅಳತೆ.

ಸ್ಲೋ ಸ್ಪೀಡಿನಲ್ಲೇ, ಅಂದರೆ ಆಕ್ಸಲರೇಟರ್ ಮುಟ್ಟದೆ ಓಡುವಾಗಲೇ, ವ್ಯತ್ಯಾಸ ಎರಡು ಇಂಚು. ಭಾಯ್ ಮೆಲ್ಲಗೆ ರೇಸ್ ಮಾಡಿದರು. ನೀರು ಏರಿತು, ಏರಿತು, ಆಮೇಲೆ ಟ್ಯೂಬ್ ಬಾಯಿಂದ ಚಿಮ್ಮಿ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಗೌಡ್ರ ಪಂಚೆ ಮೇಲೆಲ್ಲ ಕೆಂಪು. "ಏಯ್, ಏನ್ರೀ ಇದು, ಹೋಳಿ ಹುಣ್ಣಿಮೆನಾ" ಅಂತ ಹಿಂದಕ್ಕೆ ಹಾರಿದರು.

ಟ್ಯೂಬ್ ಹೊರಗೆ ಚೆಲ್ಲಿತು ಅಂದರೆ ಹನ್ನೆರಡು ಇಂಚಿಗೂ ಜಾಸ್ತಿ. ಕೇಳೋಕೆ ದೊಡ್ಡದು. ಆದರೆ ಒಂದು ಪಿಎಸ್‌ಐ ಅಂದರೆ ಸುಮಾರು 27.7 ಇಂಚು ನೀರು. ಹನ್ನೆರಡು ಇಂಚು ಅಂದರೆ ಅರ್ಧ ಪಿಎಸ್‌ಐ ಕೂಡ ಅಲ್ಲ. ಟೈರಿಗೆ ನಾವು ಇಪ್ಪತ್ತು ಮೂವತ್ತು ಪಿಎಸ್‌ಐ ತುಂಬುತ್ತೇವೆ. ಅಷ್ಟು ಸಣ್ಣ ಒತ್ತಡಕ್ಕೇ ಈ ಇಂಜಿನ್ನಿನ ಹಿಂಬದಿ ಸೋತಿತ್ತು. ಸುರುಳಿ ಸೀಲಿನ ತಾಕತ್ತು ಅಷ್ಟೇ.

ಮೊದಲು ಬೋಲ್ಟ್ ಮಾತ್ರ ತೆಗೆದು ಹೋಸನ್ನು ಏರ್ ಕ್ಲೀನರ್‌ಗೆ ಕೂಡಿಸಿದೆವು. ವ್ಯತ್ಯಾಸ ಅರ್ಧ ಇಂಚಿಗೆ ಇಳಿಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಸೋರಿಕೆ ಬಹಳ ಕಡಿಮೆಯಾಗುತ್ತಿತ್ತು, ಆದರೆ ಏರ್ ಕ್ಲೀನರ್ ಮತ್ತೆ ಎಣ್ಣೆ ಕುಡಿಯುತ್ತಿತ್ತು. ಆಮೇಲೆ ಸೈಡ್ ಕವರ್, ಪೈಪ್ ಎರಡನ್ನೂ ಡೀಸೆಲ್‌ನಲ್ಲಿ ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಕಂಪ್ರೆಸರ್ ಗಾಳಿ ಹೊಡೆದರು. ಕಪ್ಪು ಉಂಡೆಗಳು ಗೋಡೆಗೆ ಹೋಗಿ ಬಡಿದವು. ಹೊಸ ಪ್ಯಾಕಿಂಗ್ ಹಾಕಿ ಕೂರಿಸಿ ಅಳೆದರೆ ಸ್ಲೋ ಸ್ಪೀಡಿನಲ್ಲಿ ಎರಡೂ ಕಡೆ ನೀರು ಸಮ. ರೇಸ್ ಮಾಡಿದರೆ ಒಂದು ಗೆರೆ ಅಲುಗಾಡಿತು ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ಇಂಥ ಇಂಜಿನ್‌ಗೆ ಡೀಸೆಲ್ ಸುರಿದು ಓಡಿಸಿ ಒಳಗನ್ನು ತೊಳೆಯುವ ಅಭ್ಯಾಸ ಇದೆ, ದಯವಿಟ್ಟು ಮಾಡಬೇಡಿ. ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ಮಡ್ಡಿ ಒಮ್ಮೆಲೇ ಎದ್ದು ಆಯಿಲ್ ಪಂಪಿನ ಜಾಲರಿಗೆ ಬಂದು ಕೂತರೆ ಬೇರಿಂಗ್‌ಗೆ ಆಯಿಲ್ ಹೋಗುವುದಿಲ್ಲ. ನಾವು ಚೇಂಬರ್ ಇಳಿಸಿ, ಕೈಯಿಂದ ಬಳಿದು, ಜಾಲರಿ ತೊಳೆದೆವು. ಕೆಲಸ ಜಾಸ್ತಿ, ಆದರೆ ಭಯ ಇಲ್ಲ.

ರಿಂಗ್ ರೋಡಿನಲ್ಲಿ ಸಿಕ್ಕಿದ್ದು

ನಿಂತ ಗಾಡಿಯಲ್ಲಿ ಎಲ್ಲ ಸರಿ ಕಂಡಿತು. ಈ ಪೈಪ್ ಕೆಲಸ ಮಾಡಬೇಕಾದ್ದು ಓಡುವಾಗ. ಟ್ಯೂಬ್ ಉದ್ದ ಮಾಡಿ ಕಿಟಕಿಯಿಂದ ಒಳಗೆ ತಂದು, ಹಲಗೆಯನ್ನು ಗೌಡ್ರ ಮಗನ ತೊಡೆ ಮೇಲಿಟ್ಟು ರಿಂಗ್ ರೋಡಿಗೆ ಹೊರಟೆವು. ಹುಡುಗ ಮೈಸೂರಿನಲ್ಲೇ ಇಂಜಿನಿಯರಿಂಗ್ ಓದುತ್ತಾನೆ. ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರು ಸಂಗ್ರಹಾಲಯ ನೋಡಿ ಬಂದ ಮೇಲೆ ಮನೆ ಗಾಡಿಯ ಮೇಲೆ ಪ್ರೀತಿ ಉಕ್ಕಿದೆ.

ಅರವತ್ತು ಕಿಲೋಮೀಟರ್ ವೇಗದಲ್ಲಿ ನೀರು ಇಳಿಯಬೇಕಿತ್ತು. ಏರಿತು! ಕಾಲು ಇಂಚಿನಷ್ಟು. "ಸಾರ್, ಪ್ರೆಶರ್ ಬರ್ತಾ ಇದೆ" ಅಂದ ಹುಡುಗ.

ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದೆವು. ಬ್ರೀದರ್ ಪೈಪಿನ ಕೆಳಗಿನ ಅರ್ಧ ಮೂಲದ್ದಲ್ಲ. ತುಕ್ಕು ಹಿಡಿದದ್ದನ್ನು ಕತ್ತರಿಸಿ, ಬೇರೆ ಪೈಪ್ ತುಂಡನ್ನು ಹೋಸ್‌ನಿಂದ ಜೋಡಿಸಿದ್ದಾರೆ. ತುದಿಯನ್ನು ಓರೆಯಾಗಿಯೇ ಕತ್ತರಿಸಿದ್ದರು, ಅಷ್ಟು ಗೊತ್ತಿತ್ತು ಅವರಿಗೆ. ಆದರೆ ಓರೆ ಬಾಯಿ ಮುಂದಕ್ಕೆ ತಿರುಗಿತ್ತು. ಎದುರು ಗಾಳಿ ನೇರ ಪೈಪಿನೊಳಕ್ಕೆ ನುಗ್ಗುತ್ತಿತ್ತು. ಲೆಕ್ಕ ಹಾಕಿದರೆ ಅರವತ್ತರ ವೇಗದಲ್ಲಿ ಎದುರು ಗಾಳಿಯ ಒತ್ತಡ ಹೆಚ್ಚೆಂದರೆ ಹದಿನೈದು ಮಿಲಿಮೀಟರ್ ನೀರಿನಷ್ಟು, ಗಾಡಿ ಹೊಟ್ಟೆ ಕೆಳಗೆ ಇನ್ನೂ ಕಡಿಮೆ. ನಮಗೆ ಕಂಡ ಕಾಲು ಇಂಚು ಅದಕ್ಕೆ ಸರಿಹೊಂದುತ್ತದೆ.

ಒತ್ತಡಕ್ಕಿಂತ ನನಗೆ ಹೆದರಿಕೆಯಾದದ್ದು ಧೂಳಿನದು. ಈ ರೀತಿ ಓಡಿದರೆ ಕಬ್ಬಿನ ಗಾಡಿ ಎಬ್ಬಿಸಿದ ಧೂಳೆಲ್ಲ ಸೋಸದೆ ನೇರ ಆಯಿಲ್‌ಗೆ. ಜಾಲರಿ ಕಟ್ಟಿಕೊಂಡದ್ದು ಒಂದು ಲೆಕ್ಕಕ್ಕೆ ಬೇರಿಂಗ್‌ಗಳ ಪುಣ್ಯ.

ಭಾಯ್ ರಸ್ತೆ ಪಕ್ಕದಲ್ಲೇ ಕ್ಲಿಪ್ ಸಡಿಲಿಸಿ ಪೈಪನ್ನು ಅರ್ಧ ಸುತ್ತು ತಿರುಗಿಸಿ ಬಿಗಿದರು. ವಾಪಸ್ ಬರುವಾಗ ಅದೇ ವೇಗದಲ್ಲಿ ನೀರು ಇನ್ನೊಂದು ಕಡೆಗೆ ಕಾಲು ಇಂಚು ಸರಿಯಿತು. ಎಳೆತ ಬಂತು.

ಪಿಸಿವಿ ಹಾಕೋಣವಾ?

ಹುಡುಗನ ಪ್ರಶ್ನೆ ಇದು, ಒಳ್ಳೇ ಪ್ರಶ್ನೆ. ಪಿಸಿವಿ ಅಂದರೆ ಆ ಹೊಗೆಯನ್ನು ರಸ್ತೆಗೆ ಬಿಡದೆ ಇನ್‌ಟೇಕ್ ಮ್ಯಾನಿಫೋಲ್ಡಿನ ಎಳೆತದಿಂದ ಹೀರಿ ಮತ್ತೆ ಸುಡುವ ವ್ಯವಸ್ಥೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೇ ಇಂಥ ವಾಲ್ವ್ ಇತ್ತು. ಹೊಳೆ ದಾಟುವ ಗಾಡಿಗೆ ಕೆಳಗೆ ತೆರೆದ ಪೈಪ್ ಇದ್ದರೆ ನೀರು ನುಗ್ಗುತ್ತದಲ್ಲ. ಮುಂದೆ ಇದು ಊರು ಕೇರಿಗೆ ಬಂದದ್ದು ಹೊಗೆಯ ಕಾಟಕ್ಕೆ. ನಿಯಂತ್ರಣವೇ ಇಲ್ಲದ ಹಳೇ ಗಾಡಿಗಳು ಉಗುಳುವ ಹೈಡ್ರೋಕಾರ್ಬನ್‌ನಲ್ಲಿ ಸುಮಾರು ಐದನೇ ಒಂದು ಪಾಲು ಸೈಲೆನ್ಸರ್‌ನಿಂದಲ್ಲ, ಈ ಬ್ರೀದರ್‌ನಿಂದ. 1961ರ ಮಾಡೆಲ್‌ಗಳಿಂದ ಕ್ಯಾಲಿಫೋರ್ನಿಯಾದಲ್ಲಿ, 1963ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ಹೊಸ ಗಾಡಿಗಳಿಗೆ ಇದು ಬಂತು. ಇದೇ ಬಿ ಸೀರೀಸ್ ವಂಶದ ಎಂಜಿಬಿ ಕಾರಿಗೆ 1964ರಲ್ಲಿ.

ವಾಲ್ವ್ ಯಾಕೆ ಬೇಕು ಅಂದರೆ ಮ್ಯಾನಿಫೋಲ್ಡಿನ ಎಳೆತ ಬ್ಲೋಬೈಗೆ ಉಲ್ಟಾ. ಸ್ಲೋ ಸ್ಪೀಡಿನಲ್ಲಿ ಎಳೆತ ಜೋರು, ಬ್ಲೋಬೈ ಕಡಿಮೆ. ಏರಿನಲ್ಲಿ ಆಕ್ಸಲರೇಟರ್ ತುಳಿದಾಗ ಬ್ಲೋಬೈ ಜಾಸ್ತಿ, ಎಳೆತ ಇಲ್ಲ. ವಾಲ್ವ್ ಎರಡನ್ನೂ ತೂಗಿ ದಾರಿ ಸಣ್ಣದು ದೊಡ್ಡದು ಮಾಡುತ್ತದೆ. ಇಂಜಿನ್ ಹಿಂದಕ್ಕೆ ಹೊಡೆದರೆ (ಬ್ಯಾಕ್‌ಫೈರ್ ಆದರೆ) ಬೆಂಕಿ ಒಳಗೆ ಹೋಗದಂತೆ ಮುಚ್ಚಿಕೊಳ್ಳುತ್ತದೆ. ಯಾವುದೋ ಮಾರುತಿಯ ವಾಲ್ವ್ ತಂದು ಇದಕ್ಕೆ ಸಿಕ್ಕಿಸಿದರೆ ಹೆಚ್ಚು ಗಾಳಿ ಎಳೆದು ಮಿಕ್ಸ್ಚರ್ ಲೀನ್ ಆಗಬಹುದು, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ, ಸ್ಲೋ ಸ್ಪೀಡ್ ನಿಲ್ಲದೇ ಇರಬಹುದು. ಕಾರ್ಬ್ಯುರೇಟರ್ ಮತ್ತೆ ಟ್ಯೂನ್ ಮಾಡಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಇಲ್ಲಿ ವ್ಯಾಕ್ಯೂಮ್ ಗೇಜ್ ಪುಸ್ತಕದ ಅಂಕಿಗಿಂತ ಎರಡೂವರೆ ಇಂಚಿನಷ್ಟು (ಇದು ಪಾದರಸದ ಇಂಚು, ನೀರಿನದಲ್ಲ) ಕಡಿಮೆಯೇ ತೋರಿಸುತ್ತದೆ. ಅದನ್ನು ಮರೆತು ಟ್ಯೂನ್ ಮಾಡಿದರೆ ಇನ್ನೊಂದು ತಲೆನೋವು.

ನಗರದಲ್ಲಿ ದಿನಾ ಓಡುವ ಹಳೇ ಗಾಡಿಗೆ, ನಿಂತು ನಿಂತು ಹೋಗುವ ಓಡಾಟಕ್ಕೆ, ಪಿಸಿವಿ ಹಾಕಿಸಿ ಅಂತ ನಾನೇ ಹೇಳುತ್ತೇನೆ. ಹೊಗೆ ವಿಷಯದಲ್ಲೂ ಅದೇ ಸರಿ. ಗೌಡ್ರ ಗಾಡಿಗೆ ಬೇಡ ಅಂದೆ. ಅವರು ಇದನ್ನು ವಿಂಟೇಜ್ ಎಂದು ನೋಂದಾಯಿಸುವ ಯೋಚನೆಯಲ್ಲಿದ್ದಾರೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿರಬೇಕು. ಛಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಒಂದು ವಾಲ್ವ್ ದೊಡ್ಡ ಬದಲಾವಣೆಯೇನಲ್ಲ. ಆದರೂ ಮೂಲದ ಪೈಪೇ ಸರಿಯಾಗಿ ಕೆಲಸ ಮಾಡುತ್ತಿರುವಾಗ ಮ್ಯಾನಿಫೋಲ್ಡ್‌ಗೆ ತೂತು ಕೊರೆಯಲು ನನಗೆ ಮನಸ್ಸಿಲ್ಲ. ಹುಡುಗ ಪೂರ್ತಿ ಒಪ್ಪಿಲ್ಲ. ಇರಲಿ.

ಮಾಡಿದ್ದು, ಉಳಿದದ್ದು

ಸುಮಾರು 80 ಡಿಗ್ರಿಗೆ ತೆರೆಯುವ ಹೊಸ ಥರ್ಮೋಸ್ಟ್ಯಾಟ್ ಹಾಕಿದೆವು. ಇಂಜಿನ್ ಬಿಸಿಯಾಗುತ್ತೆ ಅಂತ ಗೌಡ್ರು ಗಲಾಟೆ ಮಾಡಿದರು. ಕೊಳಕು ರೇಡಿಯೇಟರ್ ತೊಳೆಸಿ, ಫ್ಯಾನ್ ಬೆಲ್ಟ್ ಬಿಗಿದು ತೋರಿಸಿದ ಮೇಲೆ ಸುಮ್ಮನಾದರು. 20ಡಬ್ಲ್ಯೂ-50 ಆಯಿಲ್ ತುಂಬಿ, ಮೊದಲ ಸಲ ಬೇಗನೇ ಬದಲಾಯಿಸಿದೆವು, ಒಳಗೆ ಉಳಿದ ಕೊಳೆ ಬರಲಿ ಅಂತ. ನೆನೆದ ಕ್ಲಚ್ ಪ್ಲೇಟ್ ಮಾತ್ರ ಮತ್ತೆ ಹೊಸದೇ ಬೇಕಾಯಿತು. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲ್‌ನಲ್ಲಿ ತೊಳೆದು, ಸುಟ್ಟು ವಾಪಸ್ ಹಾಕುವವರಿದ್ದಾರೆ, ಅದು ಹೆಚ್ಚು ದಿನ ಬಾಳುವುದಿಲ್ಲ. ಗೇರ್‌ಬಾಕ್ಸ್ ಇಳಿಸಿದಾಗ ಹಿಂದಿನ ಸುರುಳಿಯನ್ನು ಕಣ್ಣಾರೆ ನೋಡಿದೆವು, ಅದಕ್ಕೇನೂ ಆಗಿರಲಿಲ್ಲ.

ಗೌಡ್ರಿಗೆ ಹೇಳಿದ್ದು ಇಷ್ಟು. ವಾರಕ್ಕೊಮ್ಮೆಯಾದರೂ ಶ್ರೀರಂಗಪಟ್ಟಣದವರೆಗೆ ಒಂದು ಸುತ್ತು ಓಡಿಸಿ, ಆಯಿಲ್ ಚೆನ್ನಾಗಿ ಕಾಯಲಿ. ಆಯಿಲ್ ಬದಲಾಯಿಸುವಾಗಲೆಲ್ಲ ಬ್ರೀದರ್ ಪೈಪಿಗೆ ಊದಿ ನೋಡಿ. ಇಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿ ಮೇಲೆ ಒಂದು ತುಂಡು ಕಾಗದ ಇಡಿ. ಕಾಗದ ಹಾರಿಹೋದರೆ ಭಾಯ್‌ಗೆ ಫೋನ್ ಮಾಡಿ. ಆಗ ಕೈಯಲ್ಲಿ ಬೀಡಿ ಮಾತ್ರ ಇರಬಾರದು, ಬರುವುದು ಪೆಟ್ರೋಲ್ ಆವಿ.

ಆಯುಧಪೂಜೆ ಹೊತ್ತಿಗೆ ಗಾಡಿ ಮತ್ತೆ ಮೈಸೂರಿಗೆ ಬಂದಿತ್ತು. ಮುಚ್ಚಳದ ಕೆಳಗೆ ಬಿಳಿ ಇಲ್ಲ, ಏರ್ ಕ್ಲೀನರ್ ಒಣಗಿದೆ, ಕ್ಲಚ್ ಹಿಡಿಯುತ್ತಿದೆ. ನಿಲ್ಲಿಸಿದ ಜಾಗದಲ್ಲಿ ಒಂದೆರಡು ಹನಿ ಬಿದ್ದಿತ್ತು. ಪೂರ್ತಿ ನಿಲ್ಲುವುದಿಲ್ಲ ಅಂತ ಮೊದಲೇ ಹೇಳಿದ್ದೆವು. ಕ್ರ್ಯಾಂಕ್ ತಿರುಗದೆ ಇದ್ದಾಗ ಸುರುಳಿ ಏನನ್ನೂ ತಳ್ಳುವುದಿಲ್ಲ, ಏರಿನಲ್ಲಿ ಮುಖ ಮೇಲೆ ಮಾಡಿ ನಿಲ್ಲಿಸಿದರೆ ಇನ್ನೊಂದೆರಡು ಹನಿ ಜಾಸ್ತಿ. "ಅಷ್ಟ್ ಬೀಳ್ಲಿ ಬುಡಿ" ಅಂದರು ಗೌಡ್ರು.

ಬೆಳಗಿನ ನೀಲಿ ಹೊಗೆ ಮಾತ್ರ ಹಾಗೇ ಇದೆ. ಅದು ವಾಲ್ವ್ ಗೈಡಿನದು, ಬ್ರೀದರ್‌ಗೂ ಅದಕ್ಕೂ ಸಂಬಂಧ ಇಲ್ಲ. ಕಬ್ಬು ಕಡಿದು ದುಡ್ಡು ಬಂದ ಮೇಲೆ ಹೆಡ್ ಬಿಚ್ಚಿ ಗೈಡ್ ಬದಲಾಯಿಸುವ ಮಾತಾಗಿದೆ. ಹೆಡ್ ಮಾತ್ರ; ಇಂಜಿನ್ ಇಳಿಸುವುದಿಲ್ಲ.